ಹೊಲದ ಎಣ್ಣಿ ಕಾಡಿಗೆ ಹೋಗುವ ದಾರಿ

ನದಿ ಕಾಡಿನಲ್ಲಿ ಹುಟ್ಟಿ ಬಯಲಿಗೆ ಇಳಿಯುತ್ತದೆ ಅಂತ ಶಾಲೆಯಲ್ಲಿ ಓದಿರುತ್ತೇವೆ. ಧಾರವಾಡದಲ್ಲಿ ಅದು ಉಲ್ಟಾ. ಶಾಲ್ಮಲೆ ಹುಟ್ಟುವುದು ಧಾರವಾಡ ಊರಿಗೆ ಅಂಟಿಕೊಂಡಿರುವ ಸೋಮೇಶ್ವರದಲ್ಲಿ. ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿಯನ್ನು ಕಲಘಟಗಿ ಭಾಗದಲ್ಲಿ ಕೂಡಿಕೊಳ್ಳುತ್ತದೆ. ಗೋವಿನಜೋಳ, ಸೋಯಾ, ಹತ್ತಿ, ಭತ್ತದ ಹೊಲಗಳ ನೀರನ್ನೆಲ್ಲ ಹೊತ್ತುಕೊಂಡು ಪಶ್ಚಿಮಕ್ಕೆ ತಿರುಗಿ ಯಲ್ಲಾಪುರದ ಕಾಡು ಹೊಗುತ್ತದೆ. ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂದು ಹೆಸರು ಬದಲಿಸಿಕೊಂಡು ಸಮುದ್ರ ಸೇರುತ್ತದೆ. ಅಂದರೆ ಇಲ್ಲಿ ಹೊಲ ಮೇಲೆ, ಕಾಡು ಕೆಳಗೆ. ಹಾವೇರಿಯಲ್ಲಿ ಹಾಗಲ್ಲ. ವರದಾ, ಧರ್ಮಾ ಎರಡೂ ಮಲೆನಾಡಿನಿಂದ ಇಳಿದು ಹಾನಗಲ್ ಬಯಲಿಗೆ ಬರುತ್ತವೆ. ಆದರೆ ಬೇಡ್ತಿ ಬಯಲಿನಲ್ಲಿ ನಾವು ಹೊಲಕ್ಕೆ ಹಾಕಿದ್ದು ಮಳೆಯ ಜೊತೆ ಹೊರಟರೆ ಮೊದಲು ಮುಟ್ಟುವುದು ಕಾಡನ್ನೇ.

ಆ ಕಾಡಂಚಿನಲ್ಲಿ ಜನ ಇದ್ದಾರೆ. ಕಲಘಟಗಿ, ಹಳಿಯಾಳ, ಮುಂಡಗೋಡ, ಯಲ್ಲಾಪುರದಲ್ಲಿ ಸಿದ್ದಿಗಳು ಮತ್ತು ಗೌಳಿಗಳು ಹಲವು ತಲೆಮಾರುಗಳಿಂದ ಬದುಕುತ್ತಿದ್ದಾರೆ. ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದದ್ದು ಶತಮಾನಗಳ ಹಿಂದೆ. ಆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರಿಗೆ ಈ ಕಾಡೇ ಆಸರೆಯಾಯಿತು. ಗೌಳಿಗಳು ಎಮ್ಮೆ ಕಟ್ಟಿದವರು, ಅವರ ದಡ್ಡಿಗಳು, ಅಂದರೆ ವಸತಿಗಳು, ಕಾಡಿನ ಒಳಗೂ ಅಂಚಿಗೂ ಹರಡಿಕೊಂಡಿವೆ. ಇವರಲ್ಲೂ ತುಂಡು ಹೊಲ ಇರುವವರಿದ್ದಾರೆ, ಎಣ್ಣಿ, ಅಂದರೆ ಹುಳಕ್ಕೆ, ಕಳೆಗೆ ಹಾಕುವ ವಿಷ, ಹೊಡೆಯುವವರೂ ಇದ್ದಾರೆ. ಆದರೆ ಜಾಸ್ತಿ ಎಣ್ಣಿ ಖರ್ಚಾಗುವುದು ಅವರ ಹೊಲದಲ್ಲಿ ಅಲ್ಲ. ಹೊಡೆಯದವರಿಗೆ ಅದು ಹೇಗೆ ಮುಟ್ಟುತ್ತದೆ, ಮುಟ್ಟಿದ್ದು ಯಾಕೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಂದು ಪಂಪಿನಲ್ಲಿ ಏನಿರುತ್ತದೆ

ಬೆನ್ನಿಗೆ ಹಾಕಿಕೊಳ್ಳುವ ಪಂಪು ಸಾಮಾನ್ಯವಾಗಿ 16 ಲೀಟರಿನದು. ಹತ್ತಿ, ಮೆಣಸಿನಕಾಯಿಗೆ ಇಮಿಡಾಕ್ಲೋಪ್ರಿಡ್ ಹೊಡೆಯುವಾಗ ಲೀಟರ್ ನೀರಿಗೆ 0.3 ಮಿ.ಲೀ. ಲೆಕ್ಕ ಹಿಡಿದರೆ ಪಂಪಿಗೆ ಸುಮಾರು 5 ಮಿ.ಲೀ. ಹೋಗುತ್ತದೆ. ಅದರಲ್ಲಿ ನಿಜವಾದ ವಿಷ ಒಂದು ಗ್ರಾಂ ಆಸುಪಾಸು. ಇಷ್ಟೇನಾ ಅನಿಸಬಹುದು. ಆದರೆ ಒಂದು ಜೇನುಹುಳ ಸಾಯಲು ಕೆಲವು ಪರೀಕ್ಷೆಗಳಲ್ಲಿ 4 ನ್ಯಾನೋಗ್ರಾಂ ಸಾಕಾಗಿದೆ. ಒಂದು ಗ್ರಾಂ ಎಂದರೆ 100 ಕೋಟಿ ನ್ಯಾನೋಗ್ರಾಂ. ಕಾಗದದ ಮೇಲಿನ ಲೆಕ್ಕದಲ್ಲಿ ಒಂದೇ ಪಂಪು 25 ಕೋಟಿ ಜೇನಿಗೆ ಸಾಲುತ್ತದೆ. ಹೊಡೆದದ್ದೆಲ್ಲ ಜೇನಿನ ಬಾಯಿಗೆ ಹೋಗುವುದಿಲ್ಲ, ನಿಜ. ಹೊಸ ಕಾಲದ ಕೀಟನಾಶಕ ಎಷ್ಟು ಕಡಿಮೆಯಲ್ಲಿ ಕೆಲಸ ಮಾಡುತ್ತದೆ ಎಂಬುದು ತಿಳಿಯಲಿ ಅಂತ ಹೇಳಿದೆ, ಅಷ್ಟೆ.

ಹಳೆಯವು ಬೇರೆ ಥರ ಇದ್ದವು. ಡಿಡಿಟಿ, ಎಂಡೋಸಲ್ಫಾನ್ ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಕೂರುವ ಜಾತಿ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದರ ಕಥೆ ನಮಗೆಲ್ಲ ಗೊತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಆಮೇಲೆ ಜನ ಸ್ವಲ್ಪ ನಿರಾಳರಾದರು. ಈಗ ಅಂಗಡಿಯಲ್ಲಿ ಸಿಗುವ ಹಲವು ಎಣ್ಣಿಗಳು ಮೈಯಲ್ಲಿ ಹಾಗೆ ಕೂರುವುದಿಲ್ಲ, ಅದು ಒಳ್ಳೆಯದೇ. ಆದರೆ ಇಮಿಡಾಕ್ಲೋಪ್ರಿಡ್‌ನಂಥವು ನೀರಿನಲ್ಲಿ ಕರಗುತ್ತವೆ. ಗಿಡದ ಒಳಗೇ ಏರಿ ಎಲೆ, ಹೂವು, ಪರಾಗಕ್ಕೂ ಹೋಗುತ್ತವೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದೂ ಇದೆ.

ಬೀಜೋಪಚಾರದ ವಿಷಯ ಇನ್ನೂ ವಿಚಿತ್ರ. ಬೀಜಕ್ಕೆ ಬಣ್ಣ ಬಳಿದು ಕೊಡುತ್ತಾರಲ್ಲ, ಅದರಲ್ಲಿರುವ ಈ ಜಾತಿಯ ವಿಷದಲ್ಲಿ ಗಿಡ ಹೀರಿಕೊಳ್ಳುವುದು ಹೆಚ್ಚೆಂದರೆ ಐದನೇ ಒಂದು ಭಾಗ, ಬಹಳ ಸಲ ಅದಕ್ಕಿಂತ ತೀರಾ ಕಡಿಮೆ. ಉಳಿದದ್ದು ಮಣ್ಣಿಗೆ, ಮಣ್ಣಿನಿಂದ ನೀರಿಗೆ. ಬಿತ್ತುವಾಗ ಮೇಲೆ ಬಿದ್ದ ಕಾಳು ನವಿಲಿನ ಹೊಟ್ಟೆಗೆ.

ಬಾಟಲಿಯ ತ್ರಿಕೋನ ಯಾರಿಗಾಗಿ

ಪ್ರತಿ ಬಾಟಲಿಯ ಮೇಲೂ ಒಂದು ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಂದರೆ ಅತಿ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಅಂಗಡಿಯಲ್ಲಿ "ಇದು ಹಸರು ಐತ್ರಿ, ಏನೂ ಆಗಂಗಿಲ್ಲ" ಎಂಬ ಮಾತು ಕೇಳಿಯೇ ಇರುತ್ತೀರಿ.

ಈ ಬಣ್ಣ ಎಲ್ಲಿಂದ ಬಂತು ಅಂತ ಗೊತ್ತಾದರೆ ಆ ಮಾತು ಎಷ್ಟು ಅರೆಬರೆ ಎಂದು ತಿಳಿಯುತ್ತದೆ. ಇಲಿಯಂಥ ಪ್ರಾಣಿಗೆ ಬಾಯಿಯಿಂದ ತಿನ್ನಿಸಿ, ಚರ್ಮಕ್ಕೂ ಹಚ್ಚಿ, ಅರ್ಧದಷ್ಟು ಪ್ರಾಣಿಗಳು ಸಾಯಲು ಎಷ್ಟು ಬೇಕು ಅಂತ ಅಳೆಯುತ್ತಾರೆ. ತಿನ್ನಿಸಿದ ಲೆಕ್ಕದಲ್ಲಿ ಕೆಜಿ ತೂಕಕ್ಕೆ 50 ಮಿಲಿಗ್ರಾಂ ಒಳಗೇ ಸತ್ತರೆ ಕೆಂಪು, 5000 ಮಿಲಿಗ್ರಾಂ ದಾಟಿದರೂ ಬದುಕಿದರೆ ಹಸಿರು. ಅಂದರೆ ತ್ರಿಕೋನ ಹೇಳುವುದು ಬಾಯಿಗೆ ಹೋದರೆ, ಮೈಗೆ ತಾಗಿದರೆ ಕೂಡಲೇ ಏನಾಗುತ್ತದೆ ಎಂಬುದನ್ನು ಮಾತ್ರ. ಹಳ್ಳದ ಏಡಿಗೆ, ಜೇನಿಗೆ, ಮೀನಿಗೆ ಏನಾಗುತ್ತದೆ ಎಂಬುದು ಆ ಬಣ್ಣದಲ್ಲಿ ಇಲ್ಲವೇ ಇಲ್ಲ.

ಏಡಿ, ಸಿಗಡಿ ಎರಡೂ ಕೀಟಗಳ ದೂರದ ನೆಂಟರು. ನರಗಳು, ಸ್ನಾಯುಗಳು ಕೆಲಸ ಮಾಡುವ ರೀತಿ ಬಹಳಷ್ಟು ಒಂದೇ. ಹುಳ ಸಾಯಲಿ ಅಂತ ಮಾಡಿದ ವಸ್ತು ನೀರಿಗಿಳಿದರೆ ಮೊದಲು ಹೋಗುವುದು ಇವು. ಲದ್ದಿ ಹುಳಕ್ಕೆ ಹೊಡೆಯುವ ಕ್ಲೋರಾಂಟ್ರನಿಲಿಪ್ರೋಲ್ ಹಸಿರು ತ್ರಿಕೋನದ್ದು. ಮನುಷ್ಯರಿಗೆ ಹಳೆಯ ಎಣ್ಣಿಗಳಿಗಿಂತ ಎಷ್ಟೋ ಪಾಲು ಮೇಲು. ಆದರೆ ನೀರಿನ ಸಣ್ಣ ಜೀವಿಗಳಿಗೆ ಅದು ಕಡು ವಿಷ. ಪೈರೆಥ್ರಾಯ್ಡ್ ಜಾತಿಯ ಎಣ್ಣಿಗಳೂ ಹಾಗೆಯೇ, ಮೀನಿಗೂ ಏಡಿಗೂ ಆಗಿಬರುವುದಿಲ್ಲ. ಪೇಟೆಯಲ್ಲಿ ತರಕಾರಿ ಕೊಂಡು ತಿನ್ನುವವನಿಗೆ ಇದರಿಂದ ತಕ್ಷಣಕ್ಕೆ ವ್ಯತ್ಯಾಸವಾಗದು. ಮಳೆಗಾಲದಲ್ಲಿ ಹಳ್ಳದ ಏಡಿ, ಮೀನು ಹಿಡಿದು ಸಾರು ಮಾಡುವ ಮನೆಯ ಊಟವೇ ಹೋಗುತ್ತದೆ.

ಸಮಯವೂ ಕೂಡಿಬರುತ್ತದೆ. ಗೋವಿನಜೋಳ ಬಿತ್ತಿ ಎರಡು ಮೂರು ದಿನದೊಳಗೆ, ಕಸ ಹುಟ್ಟುವ ಮೊದಲೇ, ಅಟ್ರಜಿನ್ ಎಂಬ ಕಳೆನಾಶಕ ಹೊಡೆಯುತ್ತಾರೆ. ಅದು ಜೂನ್ ತಿಂಗಳು. ಮೊದಲ ದೊಡ್ಡ ಮಳೆಗೆ ಬರಿ ಮಣ್ಣಿನ ಮೇಲಿನದ್ದು ಕೊಚ್ಚಿಕೊಂಡು ಹಳ್ಳಕ್ಕೆ ಬರುತ್ತದೆ. ಮೀನು ಹೊಸ ನೀರಿಗೆ ಎದುರಾಗಿ ಹತ್ತುವುದೂ, ಏಡಿ ಬಿಲ ಬಿಟ್ಟು ಹೊರಬರುವುದೂ, ಕಪ್ಪೆ ಮೊಟ್ಟೆ ಇಡುವುದೂ ಅದೇ ವಾರಗಳಲ್ಲಿ. ಯುರೋಪ್ ಒಕ್ಕೂಟ 2004ರಲ್ಲಿ ಅಟ್ರಜಿನ್‌ಗೆ ಬಾಗಿಲು ಹಾಕಿತು. ಅಂತರ್ಜಲದಲ್ಲಿ ಅದು ಮಿತಿ ಮೀರಿ ಸಿಗುತ್ತಿದೆ ಎಂಬುದೇ ಕಾರಣ. ಅಲ್ಲಿನ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ.

ತೌಡು, ಬೆಲ್ಲ ಮತ್ತು ಥಯೋಡಿಕಾರ್ಬ್

2018ರಲ್ಲಿ ಫಾಲ್ ಸೈನಿಕ ಹುಳು ಎಂಬ ಲದ್ದಿ ಹುಳ ದೇಶದಲ್ಲೇ ಮೊದಲು ಕಾಣಿಸಿಕೊಂಡದ್ದು ಕರ್ನಾಟಕದಲ್ಲಿ. ಆಮೇಲೆ ಹಾವೇರಿ, ಧಾರವಾಡದ ಗೋವಿನಜೋಳದವರಿಗೆ ನೆಮ್ಮದಿ ಇಲ್ಲ. ಹುಳ ಸುಳಿಯೊಳಗೆ ಕೂತಿರುತ್ತದೆ, ಮೇಲೆ ತನ್ನದೇ ಹಿಕ್ಕೆಯ ಮುಚ್ಚಳ. ಮೇಲಿಂದ ಹೊಡೆದದ್ದು ಒಳಗೆ ಇಳಿಯುವುದಿಲ್ಲ. ಅದಕ್ಕೇ ವಿಷದ ತಿಂಡಿ ಬಂತು.

ಮಾಡುವ ರೀತಿ ಹೀಗೆ. ಎಕರೆಗೆ 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು. ಕಲಸಿ ಒಂದು ದಿನ ಮುಚ್ಚಿಟ್ಟರೆ ಹುಳಿಯಾಗಿ ಘಮ್ಮೆನ್ನುತ್ತದೆ. ಹೊಲಕ್ಕೆ ಹಾಕುವ ಅರ್ಧ ತಾಸು ಮೊದಲು 100 ಗ್ರಾಂ ಥಯೋಡಿಕಾರ್ಬ್ ಎಂಬ ಕೀಟನಾಶಕ ಬೆರೆಸಬೇಕು. ಚಿಟಿಕೆ ಚಿಟಿಕೆಯಾಗಿ ಸುಳಿಗೆ ಉದುರಿಸುತ್ತ ಹೋಗಬೇಕು. ಬುದ್ಧಿವಂತಿಕೆಯ ಉಪಾಯ. ಇಡೀ ಹೊಲಕ್ಕೆ ಸಿಂಪಡಿಸುವುದಕ್ಕಿಂತ ಗಾಳಿಗೆ ಹೋಗುವುದು ಕಡಿಮೆ, ಹುಳಕ್ಕೆ ಮುಟ್ಟುವುದು ಜಾಸ್ತಿ. ನನ್ನ ಮಟ್ಟಿಗೆ ಸಿಂಪಡಣೆಗಿಂತ ಇದೇ ಮೇಲು.

ತೊಂದರೆ ಆಗುವುದು ಬಕೆಟ್ಟಿನಲ್ಲಿ ಉಳಿದದ್ದರಿಂದ. ಕಾಡಂಚಿನ ಹೊಲದ ಬದುವಿನ ಮೇಲೆ ಬೆಲ್ಲದ ತೌಡು ಬಿಟ್ಟು ಊಟಕ್ಕೆ ಹೋದರೆ ಆ ವಾಸನೆಗೆ ಬರುವುದು ಹುಳ ಒಂದೇ ಅಲ್ಲ. ಎಮ್ಮೆಗೆ ತೌಡು ಎಂದರೆ ಏನು ಅಂತ ಗೌಳಿಗಳನ್ನು ಕೇಳಬೇಕು. ಹಂದಿ, ಕರಡಿ, ನವಿಲು ಯಾವುದಕ್ಕೂ ಅದು ಬೇಡವಾಗುವುದಿಲ್ಲ. ಥಯೋಡಿಕಾರ್ಬ್ ಕೆಲಸ ಮಾಡುವುದು ನರದ ಮೇಲೆ, ದನಕ್ಕೂ ಅದೇ ನರ. ಒಂದು ಎಮ್ಮೆ ಹೋದರೆ ಗೌಳಿ ಮನೆಗೆ ವರ್ಷದ ಗಳಿಕೆ ಹೋದ ಹಾಗೆ. ಅದು ಎಣ್ಣಿಯಿಂದಲೇ ಸತ್ತಿತು ಎಂದು ತೋರಿಸಲು ಹೊಟ್ಟೆಯೊಳಗಿನದ್ದನ್ನು ಲ್ಯಾಬಿಗೆ ಕಳಿಸಬೇಕು. ದಡ್ಡಿಯಲ್ಲಿ ಕೂತವರಿಗೆ ಅದು ಆಗುವ ಹೋಗುವ ಮಾತಲ್ಲ.

ಬೇಕಂತಲೇ ಇಡುವ ವಿಷ ಬೇರೆ. ಹಂದಿ ಕಾಟಕ್ಕೆ ಬೇಸತ್ತು ಫೋರೇಟ್ ಹರಳು ಇಡುವ ಚಾಳಿ ಹಳೆಯದು. ಫೋರೇಟ್ ಮಾರಾಟಕ್ಕೆ 2020ರ ಡಿಸೆಂಬರ್ ಕೊನೆಗೆ ತೆರೆ ಎಳೆದಿದ್ದಾರೆ. ಹಂದಿ ಕಾಟಕ್ಕೆ ಮಾತ್ರ ಸರಿಯಾದ ಪರಿಹಾರ ಇನ್ನೂ ಸಿಕ್ಕಿಲ್ಲ.

ಗುಳೆ ಹೋಗುವ ಜೇನು

ತುಡುವೆ ಜೇನು ಗೂಡಿನಿಂದ ಹೆಚ್ಚು ದೂರ ಹೋಗುವ ಜಾತಿಯಲ್ಲ. ಹೆಜ್ಜೇನು ಹಾಗಲ್ಲ. ಕಿಲೋಮೀಟರುಗಟ್ಟಲೆ ಹಾರುತ್ತದೆ. ಅಷ್ಟೇ ಅಲ್ಲ, ಹೂವಿನ ಕಾಲ ನೋಡಿಕೊಂಡು ಇಡೀ ಹಿಂಡು ಜಾಗ ಬದಲಿಸುತ್ತದೆ, ನಮ್ಮ ಕಡೆಯ ಜನ ಗುಳೆ ಹೋದ ಹಾಗೆ. ಬಯಲಿನಲ್ಲಿ ಸೂರ್ಯಕಾಂತಿ, ಹತ್ತಿ, ಎಳ್ಳು ಹೂಬಿಟ್ಟಾಗ ಇಲ್ಲಿ. ಕಾಡು ಹೂಬಿಟ್ಟಾಗ ಅಲ್ಲಿ. ಆದ್ದರಿಂದ ಕಾಡಿನಲ್ಲಿ ಜೇನು ಕಡಿಮೆಯಾದರೆ ಕಾರಣ ಕಾಡಿನಲ್ಲೇ ಇರಬೇಕಿಲ್ಲ. ಜೇನು ಇಳಿಸುವವನು ಎಷ್ಟೇ ಜಾಣನಿರಲಿ, ಗೂಡಿನ ಅರ್ಧ ಬಿಟ್ಟು ಬರಲಿ, ಹಿಂಡು ಬಯಲಿನಲ್ಲೇ ಸೊರಗಿದ್ದರೆ ಅವನ ಕೈಯಲ್ಲಿ ಏನಿದೆ?

"ಸಂಜೆ ಹೊಡೆಯಿರಿ, ಜೇನು ಗೂಡಿಗೆ ಹೋದ ಮೇಲೆ" ಎಂಬ ಸಲಹೆ ಒಳ್ಳೆಯದೇ. ತುಡುವೆ, ಕೋಲುಜೇನಿಗೆ ಅದರಿಂದ ಅನುಕೂಲವಿದೆ. ಹೆಜ್ಜೇನು ಮಾತ್ರ ಬೆಳದಿಂಗಳ ರಾತ್ರಿಯಲ್ಲೂ ಹೂವಿಗೆ ಹೋಗುತ್ತದೆ. ಹುಣ್ಣಿಮೆ ಆಸುಪಾಸಿನಲ್ಲಿ ಸಂಜೆಯ ಎಣ್ಣಿ ಅದಕ್ಕೆ ತಾಜಾ ಎಣ್ಣಿಯೇ. ಇನ್ನು ಗಿಡದೊಳಗೆ ಏರುವ ಜಾತಿಯ ಎಣ್ಣಿಯಾದರೆ ಬೆಳಿಗ್ಗೆ ಹೊಡೆದರೂ ಅಷ್ಟೆ, ಸಂಜೆ ಹೊಡೆದರೂ ಅಷ್ಟೆ. ಅದು ಪರಾಗದಲ್ಲೇ ಇರುತ್ತದೆ. ಧಾರವಾಡದ ಆಪೂಸ್ ತೋಟಗಳಲ್ಲಿ ಜಿಗಿಹುಳಕ್ಕೆ ಹೊಡೆಯುವುದು ಮಾವು ಹೂಬಿಡುವ ಹೊತ್ತಿನಲ್ಲೇ. ಹೂವಿಗೆ ಕಾಯಿ ಕಟ್ಟಿಸುವ ನೊಣ, ಜೇನು ಬರುವುದೂ ಆಗಲೇ. ಬೆಳೆಗಾರನಿಗೂ ಇದರಲ್ಲಿ ನಷ್ಟವಿದೆ.

ಬದುವಿನ ಪಲ್ಲೆ, ಕೂಲಿಯ ಕೈ

ಗದಗ ಕಡೆ ಕಾಡು ಎಂದರೆ ಕಪ್ಪತಗುಡ್ಡ. ಸುಮಾರು 244 ಚದರ ಕಿಲೋಮೀಟರ್, 2019ರಲ್ಲಿ ವನ್ಯಜೀವಿಧಾಮವಾಯಿತು. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ. ಸುತ್ತಲೂ ಶೇಂಗಾ, ಹೆಸರು, ಹತ್ತಿ, ಮೆಣಸಿನಕಾಯಿ, ಗೋವಿನಜೋಳ. ಗುಡ್ಡದ ಬುಡದ ಊರುಗಳ, ತಾಂಡಾಗಳ ಹೆಣ್ಣುಮಕ್ಕಳಿಗೆ ಹೊಲ ಎಂದರೆ ಕೂಲಿಯ ಜಾಗ ಮಾತ್ರವಲ್ಲ, ಪಲ್ಲೆಯ ಜಾಗವೂ ಹೌದು. ಹಕ್ಕರಕಿ, ಗೋಣಿ ಸೊಪ್ಪು, ಕಿರಕಸಾಲಿ ಯಾರೂ ಬಿತ್ತದೆ ಬದುವಿನಲ್ಲಿ ಹುಟ್ಟುತ್ತವೆ. ಹಕ್ಕರಕಿಯನ್ನಂತೂ ಕುದಿಸುವುದೂ ಇಲ್ಲ. ಹಸಿಯಾಗಿಯೇ ರೊಟ್ಟಿ ಜೊತೆ.

ಬಾಟಲಿಯ ಚೀಟಿಯಲ್ಲಿ ಕಾಯುವ ದಿನ ಅಂತ ಬರೆದಿರುತ್ತಾರೆ. ಎಣ್ಣಿ ಹೊಡೆದ ಮೇಲೆ ಇಷ್ಟು ದಿನ ಕಾಯಿ ಬಿಡಿಸಬೇಡಿ ಎಂದು. ಆ ದಿನಗಳು ಮೆಣಸಿನಕಾಯಿಗೆ, ಹತ್ತಿಗೆ, ಭತ್ತಕ್ಕೆ. ಪಕ್ಕದ ಹಕ್ಕರಕಿಗೆ ಎಷ್ಟು ದಿನ ಕಾಯಬೇಕು ಎಂಬುದು ಯಾವ ಚೀಟಿಯಲ್ಲೂ ಇಲ್ಲ, ಯಾಕೆಂದರೆ ಚೀಟಿಯ ಕಣ್ಣಿಗೆ ಅದು ಬೆಳೆಯಲ್ಲ, ಕಸ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಅನ್ಯಾಯ ಅನಿಸುವುದು ಇದೇ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿತು. ಹೊರದೇಶಕ್ಕೆ ಹೊರಟರೆ ಎಣ್ಣಿ ಎಷ್ಟು ಉಳಿದಿದೆ ಅಂತ ಲ್ಯಾಬಿನಲ್ಲಿ ಅಳೆಯುತ್ತಾರೆ. ಜಾಸ್ತಿ ಸಿಕ್ಕರೆ ಸರಕು ವಾಪಸ್. ಅದೇ ಹೊಲದ ಬದುವಿನ ಪಲ್ಲೆಯನ್ನು ಅಳೆಯುವ ವ್ಯವಸ್ಥೆ ಇಲ್ಲ, ಅದು ಮಾರಾಟಕ್ಕೆ ಬರುವುದೇ ಅಪರೂಪ ಅಲ್ವಾ.

ಕೂಲಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಎಣ್ಣಿ ಜಾಸ್ತಿ ಒಳಗೆ ಹೋಗುವುದು ಬಾಯಿಂದ ಅಲ್ಲ, ಚರ್ಮದಿಂದ. ಸೋರುವ ಪಂಪಿನಿಂದ ಬೆನ್ನು ತೋಯ್ದರೆ ಸಾಕು. ನಿನ್ನೆ ಹೊಡೆದ ಹೊಲಕ್ಕೆ ಇವತ್ತು ಕಳೆ ತೆಗೆಯಲು ಹೋದವರ ಕೈಕಾಲಿಗೂ ಅಂಟುತ್ತದೆ. ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಚುಕ್ಕೆಯಷ್ಟಾಗುವುದು, ಇವು ರಂಜಕ (ಆರ್ಗನೋಫಾಸ್ಫೇಟ್) ಜಾತಿಯ ಎಣ್ಣಿ ಮೈಗೇರಿದ ಗುರುತು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಖಾಲಿ ಬಾಟಲಿಯನ್ನೂ ಜೊತೆಗೆ ಒಯ್ಯಬೇಕು. ಅಟ್ರೋಪಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ, ಆದರೆ ಹೋದದ್ದು ಯಾವ ಎಣ್ಣಿ ಅಂತ ಡಾಕ್ಟರಿಗೆ ಗೊತ್ತಾಗಬೇಕು.

ಕಾನೂನು ಎಲ್ಲಿ ನಿಂತಿದೆ

ಕೀಟನಾಶಕ ಕಾಯ್ದೆ 1968ರದು. ಯಾವ ಎಣ್ಣಿ ಮಾರಬಹುದು, ಚೀಟಿಯಲ್ಲಿ ಏನಿರಬೇಕು ಎಂಬುದೆಲ್ಲ ಅದರಲ್ಲಿದೆ. ಎಣ್ಣಿಯನ್ನು ನೋಂದಣಿ ಮಾಡುವುದು ದೆಹಲಿ. ಅಪಾಯ ಕಂಡರೆ ರಾಜ್ಯ ಸರಕಾರ ಒಂದು ಎಣ್ಣಿಯನ್ನು ತಾತ್ಕಾಲಿಕವಾಗಿ 60 ದಿನ ತಡೆಯಬಹುದು, ಹೆಚ್ಚೆಂದರೆ ಇನ್ನೂ 30 ದಿನ. ಅದಕ್ಕಿಂತ ಮುಂದೆ ಅದರ ಕೈ ಹೋಗುವುದಿಲ್ಲ.

ಕಾಡಿನವರಿಗೆ ನಿಜವಾದ ಹಿಡಿ ಇರುವುದು ಬೇರೆ ಕಡೆ, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಅದನ್ನು ನಾವು ಭೂಮಿಯ ಪಟ್ಟಾ ಕೊಡುವ ಕಾಯ್ದೆ ಅಂತ ಮಾತ್ರ ನೋಡುತ್ತೇವೆ. ಅದರ 5ನೇ ಕಲಮು ಓದಿ. ಹಕ್ಕುದಾರರು ಮತ್ತು ಗ್ರಾಮಸಭೆ ಅಕ್ಕಪಕ್ಕದ ಜಲಾನಯನ ಪ್ರದೇಶ, ನೀರಿನ ಮೂಲಗಳು ಸರಿಯಾಗಿ ಉಳಿಯುವಂತೆ ನೋಡಿಕೊಳ್ಳಬಹುದು ಎನ್ನುತ್ತದೆ. ಜೇನು, ಮೇಣ ಕಿರು ಅರಣ್ಯ ಉತ್ಪನ್ನ ಎಂದು ಅದೇ ಕಾಯ್ದೆ ಹೇಳುತ್ತದೆ, ಅದರ ಮೇಲೆ ಹಕ್ಕನ್ನೂ ಕೊಡುತ್ತದೆ. ಹಳ್ಳದ ಮೇಲಿನ ಹೊಲದಲ್ಲಿ ಏನು ಹೊಡೆಯುತ್ತಾರೆ ಅಂತ ಕೇಳಲು ಇದಕ್ಕಿಂತ ಗಟ್ಟಿ ನೆಲ ಬೇರೆ ಎಲ್ಲಿದೆ?

ಆದರೆ ಹಕ್ಕುದಾರರು ಆಗುವುದೇ ಕಷ್ಟ. ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕಿಂತ ಮೊದಲು ಅಲ್ಲಿ ಇದ್ದದ್ದು ಸಾಬೀತಾದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷದ ಪುರಾವೆ ತರಬೇಕು. ಸಿದ್ದಿಗಳು ಉತ್ತರ ಕನ್ನಡದಲ್ಲಿ 2003ರಲ್ಲೇ ಪಂಗಡದ ಪಟ್ಟಿ ಸೇರಿದರು. ಗಡಿ ದಾಟಿ ಧಾರವಾಡ ಜಿಲ್ಲೆಗೆ ಬಂದರೆ ಅದೇ ಮನೆತನದವರು 2020ರವರೆಗೆ ಪಟ್ಟಿಯಲ್ಲಿ ಇರಲಿಲ್ಲ. ಗೌಳಿಗಳು ಇನ್ನೂ ಹೊರಗೇ ಇದ್ದಾರೆ. ಎಮ್ಮೆ ಹೊಡೆದುಕೊಂಡು ಮೇವು ಹುಡುಕಿ ಹೋಗುವವರ ಹತ್ತಿರ 75 ವರ್ಷದ ಕಾಗದ ಎಲ್ಲಿಂದ ಬರಬೇಕು?

ಏನು ಮಾಡಬಹುದು

ರೈತನನ್ನು ಬೈಯುವುದರಿಂದ ಏನೂ ಸಿಗದು. ಆಳು ಸಿಗುವುದಿಲ್ಲ, ಸಾಲ ತೀರಬೇಕು, ಎಣ್ಣಿ ಅಂಗಡಿಯವನೇ ಬೆಳೆಯ ಡಾಕ್ಟರು. ಹಿಂಗಾರು ಕೈಕೊಟ್ಟ ವರ್ಷ ಉಪದೇಶ ಕೇಳಲು ಯಾರಿಗೆ ತಾಳ್ಮೆ ಇರುತ್ತದೆ?

ಆದರೆ ಕಾಡಂಚಿಗೆ ಒಂದು ಅನುಕೂಲವಿದೆ, ಅದನ್ನು ಯಾಕೋ ಹೆಚ್ಚು ಹೇಳುವುದಿಲ್ಲ. ಮೆಟಾರೈಜಿಯಂ ರಿಲೇಯಿ ಎಂಬ ಶಿಲೀಂಧ್ರ ಲದ್ದಿ ಹುಳಗಳಿಗೆ ಅಂಟಿ ಅವುಗಳನ್ನು ಒಣಗಿಸಿ ಸಾಯಿಸುತ್ತದೆ. ಮೊದಲು ನೊಮುರಿಯಾ ಎಂದು ಕರೆಯುತ್ತಿದ್ದರು, ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಅದರ ಮೇಲೆ ಬಹಳ ವರ್ಷದ ಕೆಲಸ ಆಗಿದೆ. ಮಳೆಗಾಲದಲ್ಲಿ ಸೋಯಾ ಎಲೆಯ ಮೇಲೆ ಬಿಳಿಯಾಗಿ, ಸೀಮೆಸುಣ್ಣದ ತುಂಡಿನ ಹಾಗೆ ಸೆಟೆದು ನಿಂತ ಹುಳ ನೋಡಿದ್ದರೆ ಅದು ಇದರದೇ ಕೆಲಸ. ಇದಕ್ಕೆ ತೇವ ಬೇಕು, ಮೋಡ ಬೇಕು. ಮುಂಡರಗಿಯ ಬಿಸಿಲಿಗೆ ಸೋಲುತ್ತದೆ, ಕಲಘಟಗಿ, ಹಾನಗಲ್ ಮಳೆಗೆ ಅರಳುತ್ತದೆ. ಎಣ್ಣಿ ಹಳ್ಳಕ್ಕೆ ಇಳಿಯುವ ಭಯ ಎಲ್ಲಿ ಜಾಸ್ತಿಯೋ ಅಲ್ಲೇ ಈ ಶಿಲೀಂಧ್ರ ಚೆನ್ನಾಗಿ ನಡೆಯುತ್ತದೆ. ಶಿಲೀಂಧ್ರನಾಶಕ ಜೊತೆಗೆ ಬೆರೆಸಿದರೆ ಮಾತ್ರ ಸತ್ತುಹೋಗುತ್ತದೆ, ಅದನ್ನು ಅಂಗಡಿಯಲ್ಲಿ ಹೇಳುವವರು ಬೇಕು.

ಬೇವಿನ ಬೀಜದ ಕಷಾಯ, ಮೋಹಕ ಬಲೆ, ಹುಳದ ಮೊಟ್ಟೆಯನ್ನೇ ಹಾಳು ಮಾಡುವ ಟ್ರೈಕೋಗ್ರಾಮಾ ಕಣಜದ ಚೀಟಿ ಎಲ್ಲರೂ ಹೇಳುವಂಥವೇ, ಅವೂ ಇರಲಿ. ಗ್ರಾಮಸಭೆಯಲ್ಲಿ ಠರಾವು ಮಾಡಲು ಸಣ್ಣ ಸಣ್ಣವೂ ಇವೆ. ಪಂಪನ್ನು ಹಳ್ಳದಲ್ಲಿ ತೊಳೆಯಬಾರದು. ವಿಷದ ತೌಡನ್ನು ಬದುವಿನ ಮೇಲೆ ಬಿಟ್ಟು ಹೋಗಬಾರದು, ಉಳಿದದ್ದನ್ನು ಹಳ್ಳದಿಂದ ದೂರ ಆಳವಾಗಿ ಹೂಳಬೇಕು. ಎಣ್ಣಿ ಹೊಡೆಯುವ ಹಿಂದಿನ ದಿನ ದಡ್ಡಿಗೂ ಸಿದ್ದಿ ಕೇರಿಗೂ ಸುದ್ದಿ ಮುಟ್ಟಬೇಕು, ಒಂದು ಫೋನು ಸಾಕು. ಎಮ್ಮೆ ಆ ಕಡೆ ಬಿಡದೆ ಇರಬಹುದು, ಆ ವಾರ ಪಲ್ಲೆ ಬೇರೆ ಕಡೆ ಕೀಳಬಹುದು.

ಇನ್ನೊಂದು, ಹಳ್ಳದ ಪಕ್ಕದ ನಾಲ್ಕೈದು ಸಾಲು ಎಣ್ಣಿ ಇಲ್ಲದೆ ಬಿಡುವುದು, ಆ ಅಂಚಿಗೆ ಹುಲ್ಲು ಬೆಳೆಯಲು ಬಿಡುವುದು. ಹುಲ್ಲಿನ ಪಟ್ಟಿ ಮಣ್ಣನ್ನೂ ಎಣ್ಣಿಯನ್ನೂ ಸಾಕಷ್ಟು ತಡೆಯುತ್ತದೆ. ಎಮ್ಮೆಗೆ ಮೇವೂ ಆಯಿತು. ಆ ಸಾಲುಗಳಲ್ಲಿ ಹುಳ ಸ್ವಲ್ಪ ತಿನ್ನುತ್ತದೆ, ಇಳುವರಿ ಇಳಿಯುತ್ತದೆ. ಅದನ್ನು ಹಳ್ಳದ ದಂಡೆಯ ರೈತನೊಬ್ಬನ ತಲೆಗೆ ಕಟ್ಟುವುದು ಸರಿಯಲ್ಲ. ಬದು, ಕೃಷಿ ಹೊಂಡಕ್ಕೆ ಜಲಾನಯನ ಯೋಜನೆಯಲ್ಲಿ ದುಡ್ಡು ಕೊಡುತ್ತಾರೆ. ಈ ಹುಲ್ಲಿನ ಪಟ್ಟಿಗೂ ಅದೇ ಲೆಕ್ಕದಲ್ಲಿ ಕೊಡಬೇಕು ಎಂಬುದು ನನ್ನ ವಾದ.